ವಾಸನೆ ಬೇರೆ, ಘಾಟು ಬೇರೆ: ಪಕ್ಕದ ಮನೆಯ ಸಿಗರೇಟು ಹೊಗೆಯನ್ನು ಅಳೆಯುವುದು ಹೇಗೆ?

ಡೊಂಬಿವಲಿಯ ನಮ್ಮ ಸೊಸೈಟಿಯ ಕಳೆದ ಮೀಟಿಂಗಿನಲ್ಲಿ ಒಂದೂವರೆ ತಾಸು ಹೋದದ್ದು ಸಿಗರೇಟು ಹೊಗೆಯ ವಿಷಯಕ್ಕೆ. ಮೂರನೇ ಮಹಡಿಯಲ್ಲಿರುವ ನಮ್ಮೂರ ಕಡೆಯ ಅಕ್ಕ ಒಬ್ಬರ ದೂರು ಅದು. ರಾತ್ರಿ ಹತ್ತು ಕಳೆದರೆ ಬಾತ್‌ರೂಮಿನ ಡಕ್ಟಿನಿಂದ ಹೊಗೆ ಬರುತ್ತದೆ, ಕಣ್ಣು ಉರಿಯುತ್ತದೆ, ಮಗನಿಗೆ ಕೆಮ್ಮು ಶುರುವಾಗುತ್ತದೆ. ಸೆಕ್ರೆಟರಿ ಮತ್ತು ಇನ್ನಿಬ್ಬರು ಹಿಂದಿನ ರಾತ್ರಿ ಅವರ ಮನೆಗೆ ಹೋಗಿ ಕಾಲು ತಾಸು ಕೂತು ಬಂದಿದ್ದರು. "ಬಾಗಿಲು ತೆಗೆದಾಗ ವಾಸನೆ ಬಂದದ್ದು ಹೌದು, ಆಮೇಲೆ ಏನೂ ಇರಲಿಲ್ಲ" ಎಂದು ಅವರು ಹೇಳಿದರು. ಅದಕ್ಕೆ ಅಕ್ಕ, "ವಾಸನೆ ನನಗೂ ಬರುವುದಿಲ್ಲ ಮಾರಾಯ್ರೆ, ಕಣ್ಣುರಿ ಮಾತ್ರ ಹೋಗುವುದಿಲ್ಲ" ಎಂದರು. ಸಭೆಯಲ್ಲಿ ನಾಲ್ಕಾರು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ವಾಸನೆಯೇ ಇಲ್ಲದ ಮೇಲೆ ಉರಿ ಎಲ್ಲಿಂದ ಬಂತು?

ಇಬ್ಬರೂ ನಿಜವನ್ನೇ ಹೇಳಿದ್ದರು. ಒಂದೇ ಹೊಗೆಯನ್ನು ನಮ್ಮ ದೇಹ ಎರಡು ಬೇರೆ ದಾರಿಗಳಲ್ಲಿ ಗುರುತಿಸುತ್ತದೆ, ಆ ಎರಡು ದಾರಿಗಳ ನಡವಳಿಕೆ ಒಂದಕ್ಕೊಂದು ತದ್ವಿರುದ್ಧ. ವಿಜ್ಞಾನಿಗಳು ಸುಮಾರು ತೊಂಬತ್ತು ವರ್ಷಗಳಿಂದ ಇವೆರಡನ್ನೂ ಅಳೆಯುವ ವಿಧಾನಗಳನ್ನು ಕಟ್ಟುತ್ತಾ ಬಂದಿದ್ದಾರೆ. ಚಳಿಗಾಲದಲ್ಲಿ ಕಿಟಕಿ ಮುಚ್ಚಿ ಮಲಗುವ ಮುಂಬೈ ಮನೆಗಳಲ್ಲಿ ಇಂಥ ಜಗಳ ಹೊಸದಲ್ಲವಾದ್ದರಿಂದ ಆ ವಿಧಾನಗಳನ್ನು ಬುಡದಿಂದ ತಿಳಿದುಕೊಳ್ಳುವುದು ಒಳ್ಳೆಯದು.

ಮೂಗು ಒಂದು, ನರ ಎರಡು

ಕನ್ನಡ ಬಲ್ಲವರಿಗೆ ಈ ವಿಷಯ ಅರ್ಧ ಗೊತ್ತೇ ಇದೆ. ನಮ್ಮಲ್ಲಿ ವಾಸನೆಗೆ ಒಂದು ಮಾತು, ಘಾಟಿಗೆ ಇನ್ನೊಂದು ಮಾತು. ಬ್ಯಾಡಗಿ ಮೆಣಸು ಹುರಿದರೆ ಮನೆತುಂಬ ಪರಿಮಳ, ಘಾಟು ಅಷ್ಟಿಲ್ಲ. ಗುಂಟೂರು ಮೆಣಸು ಹುರಿದರೆ ಪಕ್ಕದ ಮನೆಯವರೂ ಕೆಮ್ಮಬೇಕು. ಸಾಸೂನ್ ಡಾಕ್‌ನಲ್ಲಿ ಮೀನಿನ ರಾಶಿಯ ನಡುವೆ ನಿಂತರೆ ಮೂಗು ಮುಚ್ಚಿಕೊಳ್ಳುವಷ್ಟು ವಾಸನೆ, ಆದರೆ ಕಣ್ಣು ಉರಿಯುವುದಿಲ್ಲ. ಸೋಡಾ ಕುಡಿದು ತೇಗಿದಾಗ ಮೂಗಿನೊಳಗೆ ಚುರ್ ಎನ್ನುತ್ತದಲ್ಲ, ಅದಕ್ಕೆ ಕಾರಣ ಇಂಗಾಲದ ಡೈಆಕ್ಸೈಡ್. ಆ ಅನಿಲಕ್ಕೆ ವಾಸನೆಯೇ ಇಲ್ಲ. ಅಂದರೆ ಘಾಟಿಲ್ಲದ ವಾಸನೆ ಇರಬಹುದು, ವಾಸನೆಯಿಲ್ಲದ ಘಾಟೂ ಇರಬಹುದು.

ವಾಸನೆಯನ್ನು ಮೆದುಳಿಗೆ ಒಯ್ಯುವುದು ಘ್ರಾಣ ನರ. ಮೆದುಳಿನಿಂದ ನೇರವಾಗಿ ಹೊರಡುವ ಹನ್ನೆರಡು ಜೋಡಿ ನರಗಳಲ್ಲಿ ಇದು ಮೊದಲನೆಯದು. ಇದರ ತುದಿಗಳು ಮೂಗಿನ ಮೇಲ್ಛಾವಣಿಯಲ್ಲಿ, ಅಂಚೆಚೀಟಿಯಷ್ಟು ಜಾಗದಲ್ಲಿ ಇರುತ್ತವೆ. ಘಾಟನ್ನು ಒಯ್ಯುವುದು ಐದನೇ ಜೋಡಿ. ವೈದ್ಯರು ಟ್ರೈಜೆಮಿನಲ್ ಎನ್ನುವ ಈ ನರಕ್ಕೆ ಮೂರು ಕವಲುಗಳಿವೆ. ಒಂದು ಕಣ್ಣು ಮತ್ತು ಹಣೆಯ ಕಡೆಗೆ, ಒಂದು ಮೂಗು ಮತ್ತು ಕೆನ್ನೆಯ ಕಡೆಗೆ, ಇನ್ನೊಂದು ಬಾಯಿ ಮತ್ತು ದವಡೆಯ ಕಡೆಗೆ ಹೋಗುತ್ತದೆ. ಹಲ್ಲುನೋವು ಗೊತ್ತಾಗುವುದೂ ಇದೇ ನರದಿಂದ. ಘಾಟು ಎನ್ನುವುದು ಮೂಲತಃ ನೋವಿನ ತಮ್ಮ, ವಾಸನೆಯ ತಮ್ಮನಲ್ಲ.

ಈರುಳ್ಳಿ ಹೆಚ್ಚುವಾಗ ಕಣ್ಣಲ್ಲಿ ನೀರು ಬರುವುದಕ್ಕೂ, ಹಸಿ ಸಾಸಿವೆ ಅರೆದಾಗ ನೆತ್ತಿಗೇರುವುದಕ್ಕೂ, ಸಿಗರೇಟು ಹೊಗೆ ಕಣ್ಣಿಗೆ ತಾಗಿ ಉರಿಯುವುದಕ್ಕೂ ನರದ ತುದಿಯಲ್ಲಿರುವ ಒಂದೇ ಬಗೆಯ ಬಾಗಿಲು ಕಾರಣ. ವಿಜ್ಞಾನದಲ್ಲಿ ಅದರ ಹೆಸರು ಟಿಆರ್‌ಪಿಎ1. ಸಾಸಿವೆಯ ತೈಲ ತಟ್ಟಿದರೂ ಅದು ತೆರೆಯುತ್ತದೆ, ಸಿಗರೇಟು ಹೊಗೆಯಲ್ಲಿರುವ ಆಕ್ರೊಲೀನ್ ಎಂಬ ರಾಸಾಯನಿಕ ತಟ್ಟಿದರೂ ತೆರೆಯುತ್ತದೆ. ಮೆಣಸಿನ ಖಾರಕ್ಕೆ ತೆರೆಯುವ ಬಾಗಿಲು ಇದರ ಸೋದರ ಸಂಬಂಧಿ. ಅದನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಸಿಕ್ಕಿತು.

ಕೋವಿಡ್ ಬಂದು ವಾಸನೆ ಹೋಗಿದ್ದ ದಿನಗಳನ್ನು ನೆನಪಿಸಿಕೊಳ್ಳಿ. ಆಗ ಕಾಫಿಯ ಪರಿಮಳ ತಿಳಿಯುತ್ತಿರಲಿಲ್ಲ, ಆದರೆ ಈರುಳ್ಳಿ ಹೆಚ್ಚಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಮೊದಲನೇ ನರದ ಕಡೆ ಕೆಲಸ ನಿಂತಿತ್ತು, ಐದನೆಯದು ನಡೆಯುತ್ತಿತ್ತು.

ಸೇದುವವರ ಹೊಗೆ, ತುದಿಯ ಹೊಗೆ

ಇನ್ನೊಬ್ಬರ ಸಿಗರೇಟಿನಿಂದ ನಮ್ಮ ಮೂಗಿಗೆ ಬರುವ ಹೊಗೆಯಲ್ಲಿ ಎರಡು ಪಾಲು ಇರುತ್ತದೆ. ಸೇದುವವರು ಎಳೆದು ಹೊರಗೆ ಬಿಟ್ಟದ್ದು ಒಂದು. ದಮ್ಮು ಎಳೆಯದೆ ಬೆರಳ ನಡುವೆ ಹಿಡಿದಿರುವಾಗ ಉರಿಯುವ ತುದಿಯಿಂದ ಏಳುವ ನೀಲಿ ಎಳೆ ಇನ್ನೊಂದು. ಸುಮಾರು ನೂರಕ್ಕೆ ಎಂಬತ್ತೈದು ಪಾಲು ಈ ಎರಡನೆಯದೇ. ದಮ್ಮು ಎಳೆದಾಗ ತುದಿಯ ಶಾಖ 900 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಏರುತ್ತದೆ. ಸುಮ್ಮನೆ ಉರಿಯುವಾಗ ಅದು 600ರ ಸುಮಾರಿಗೆ ಇಳಿಯುತ್ತದೆ. ಹಸಿ ಕಟ್ಟಿಗೆಯ ಒಲೆ ಧಗಧಗ ಉರಿಯುವಾಗ ಹೊಗೆ ಕಡಿಮೆ, ಕುಮುಲುವಾಗ ಹೊಗೆ ಜಾಸ್ತಿ ಅಲ್ಲವೇ? ಇಲ್ಲೂ ಹಾಗೆಯೇ. ಕುಮುಲುವ ತುದಿಯಿಂದ ಅಮೋನಿಯಾದಂಥ ಘಾಟಿನ ವಸ್ತುಗಳು ಹೆಚ್ಚಾಗಿ ಹೊರಡುತ್ತವೆ, ಫಿಲ್ಟರೂ ಅದಕ್ಕೆ ಅಡ್ಡ ಬರುವುದಿಲ್ಲ.

ಈ ಹೊಗೆಯಲ್ಲಿ ಏಳು ಸಾವಿರಕ್ಕೂ ಹೆಚ್ಚು ರಾಸಾಯನಿಕಗಳಿವೆ. ನಮ್ಮ ವಿಷಯಕ್ಕೆ ಬೇಕಾದವು ಕೆಲವು ಮಾತ್ರ. ಆಕ್ರೊಲೀನ್, ಫಾರ್ಮಾಲ್ಡಿಹೈಡ್, ಅಮೋನಿಯಾ ಇವು ಕಣ್ಣು, ಮೂಗು, ಗಂಟಲನ್ನು ಕೆರಳಿಸುತ್ತವೆ. ಹಳೆಯ ಆ್ಯಶ್‌ಟ್ರೇಯ ಕಮಟು ವಾಸನೆಗೆ ಪಿರಿಡಿನ್ ಜಾತಿಯ ವಸ್ತುಗಳು ಮುಖ್ಯ ಕಾರಣ. ಒಂದೊಂದೇ ಆಗಿ ನೋಡಿದರೆ ಪ್ರತಿಯೊಂದೂ ಉರಿ ತರಲಾರದಷ್ಟು ಕಡಿಮೆ ಇರಬಹುದು, ಎಲ್ಲ ಸೇರಿದಾಗ ಉರಿಯುತ್ತದೆ. ಹನಿ ಹನಿ ಕೂಡಿದರೆ ಹಳ್ಳ ಎನ್ನುವ ಲೆಕ್ಕ ನರಕ್ಕೂ ನಡೆಯುತ್ತದೆ. ಆದ್ದರಿಂದಲೇ ಒಂದು ರಾಸಾಯನಿಕವನ್ನು ಮಾತ್ರ ಅಳೆದು "ಮಿತಿಯೊಳಗಿದೆ, ಉರಿಯಲು ಸಾಧ್ಯವಿಲ್ಲ" ಎಂದು ತೀರ್ಪು ಕೊಡಲು ಬರುವುದಿಲ್ಲ. ಕೊನೆಗೆ ಮನುಷ್ಯರನ್ನೇ ಕೇಳಬೇಕಾಗುತ್ತದೆ.

ಈಗ ಬಂದವರು, ಆಗಲೇ ಕೂತವರು

ಸೆಕ್ರೆಟರಿ ಮತ್ತು ಅಕ್ಕನ ನಡುವಿನ ಗಂಟು ಬಿಚ್ಚುವುದು ಇಲ್ಲಿ.

ವಾಸನೆಗೆ ಮೂಗು ಬೇಗ ಒಗ್ಗಿಕೊಳ್ಳುತ್ತದೆ. ದೇವನಾರಿನ ಕಸದ ಗುಡ್ಡದ ಹತ್ತಿರ ಹೋದವರಿಗೆ ಮೊದಲ ಐದು ನಿಮಿಷ ತಡೆಯಲಾಗುವುದಿಲ್ಲ, ಅಲ್ಲೇ ಇರುವವರಿಗೆ ಅದು ಗಮನಕ್ಕೇ ಬರುವುದಿಲ್ಲ. ಇದು ನಟನೆಯಲ್ಲ. ಅದೇ ವಾಸನೆ ಮತ್ತೆ ಮತ್ತೆ ಬಂದಾಗ ಘ್ರಾಣದ ಕಡೆಯಿಂದ ಮೆದುಳಿಗೆ ಹೋಗುವ ಸುದ್ದಿ ಕ್ರಮೇಣ ಕಡಿಮೆಯಾಗುತ್ತದೆ. ಕೆಲವೇ ನಿಮಿಷ ಸಾಕು.

ಘಾಟು ಹಾಗಲ್ಲ. ಸಣ್ಣ ಮಟ್ಟದ ಘಾಟಿನಲ್ಲಿ ಕೂತವರಿಗೆ ಮೊದಲ ನಿಮಿಷ ಏನೂ ಅನಿಸದೇ ಇರಬಹುದು. ಹೊತ್ತು ಹೋದಂತೆ ಕಣ್ಣು ಚುರುಗುಟ್ಟಲು ಶುರುವಾಗುತ್ತದೆ, ಆಮೇಲೆ ಗಂಟಲು ಕೆರೆಯುತ್ತದೆ. ಅಮೆರಿಕದ ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್‌ನಲ್ಲಿರುವ ಜಾನ್ ಬಿ. ಪಿಯರ್ಸ್ ಪ್ರಯೋಗಾಲಯದಲ್ಲಿ ವಿಲಿಯಂ ಕೇನ್ ಮತ್ತು ಅವರ ಜೊತೆಗಾರರು 1980ರ ದಶಕದಲ್ಲಿ ಇದನ್ನು ಪ್ರಯೋಗದ ಕೋಣೆಯಲ್ಲಿ ಕಂಡರು. ಸಿಗರೇಟು ಹೊಗೆ ಇರುವ ಕೋಣೆಯಲ್ಲಿ ಕೂತವರ ಲೆಕ್ಕದಲ್ಲಿ ವಾಸನೆ ಇಳಿಯುತ್ತಾ ಹೋಯಿತು, ಕಿರಿಕಿರಿ ಏರುತ್ತಾ ಹೋಯಿತು.

ಹಾಗಾದರೆ ಕಾಲು ತಾಸು ಕೂತು ಬಂದವರು ಏನನ್ನು ಅಳೆದರು? ವಾಸನೆ ಇಳಿಯುವ ಹೊತ್ತನ್ನು ಮಾತ್ರ. ಉರಿ ಏರುವ ಮೊದಲೇ ಎದ್ದು ಬಂದರು. ದಿನವೂ ರಾತ್ರಿಯಿಡೀ ಅಲ್ಲಿರುವ ಅಕ್ಕನದು ಇನ್ನೊಂದು ತುದಿಯ ಅನುಭವ. ಯಾರನ್ನು, ಎಷ್ಟು ಹೊತ್ತಿನ ನಂತರ ಕೇಳಿದಿರಿ ಎಂಬುದು ಬರೆಯದ ಅಳತೆ ಅಳತೆಯೇ ಅಲ್ಲ, ಎಂಬುದು ಈ ಇಡೀ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ ಸಂಗತಿ.

ವಾಸನೆಯನ್ನು ಅಳೆಯುವ ಬಗೆ

ಮೆಣಸಿನ ಖಾರ ಅಳೆಯಲು 1912ರಲ್ಲಿ ವಿಲ್ಬರ್ ಸ್ಕೋವಿಲ್ ಎಂಬ ಅಮೆರಿಕದ ಔಷಧ ವಿಜ್ಞಾನಿ ಒಂದು ಸುಲಭ ದಾರಿ ಹುಡುಕಿದರು. ಮೆಣಸಿನ ಸಾರವನ್ನು ಸಕ್ಕರೆ ನೀರಿನಲ್ಲಿ ಬೆರೆಸಿ, ಮತ್ತೆ ಮತ್ತೆ ತೆಳ್ಳಗೆ ಮಾಡುತ್ತಾ, ರುಚಿ ನೋಡುವವರಿಗೆ ಖಾರ ತಿಳಿಯದೇ ಹೋಗುವ ತನಕ ಮುಂದುವರಿಸುವುದು. ಎಷ್ಟು ಪಟ್ಟು ತೆಳ್ಳಗೆ ಮಾಡಬೇಕಾಯಿತೋ ಅದೇ ಆ ಮೆಣಸಿನ ಅಂಕ. ಸಾರಿಗೆ ಉಪ್ಪು ಜಾಸ್ತಿಯಾದರೆ ಎಷ್ಟು ಲೋಟ ನೀರು ಹಾಕಿದ ಮೇಲೆ ಸರಿಯಾಯಿತು ಎಂದು ಎಣಿಸಿದ ಹಾಗೆ.

ವಾಸನೆಗೂ ಇದೇ ವಿಧಾನ. ವಾಸನೆಯ ಗಾಳಿಯನ್ನು ಚೀಲದಲ್ಲಿ ತುಂಬಿ ತಂದು, ಶುದ್ಧ ಗಾಳಿಯಲ್ಲಿ ಬೆರೆಸುವ ಯಂತ್ರಕ್ಕೆ ಜೋಡಿಸುತ್ತಾರೆ. ಒಂದು ತಂಡ ಅದನ್ನು ಮೂಸುತ್ತದೆ. ಮೊದಲು ಅತಿ ತೆಳ್ಳಗೆ, ಆಮೇಲೆ ಸ್ವಲ್ಪ ಸ್ವಲ್ಪವೇ ಗಟ್ಟಿ. ತಂಡದ ಅರ್ಧ ಜನಕ್ಕೆ ವಾಸನೆ ಗೊತ್ತಾಗುವ ಹಂತದಲ್ಲಿ ಗಾಳಿಯನ್ನು ಎಷ್ಟು ಪಟ್ಟು ತೆಳ್ಳಗೆ ಮಾಡಿತ್ತೋ ಅದು ಅಂಕ. ಮೂರು ಕೊಳವೆ ಮುಂದಿಟ್ಟು, ಎರಡರಲ್ಲಿ ಬರೀ ಶುದ್ಧ ಗಾಳಿ ಬಿಟ್ಟು, "ವಾಸನೆ ಯಾವುದರಲ್ಲಿದೆ ಹೇಳಿ" ಎಂದು ಕೇಳುವ ಪದ್ಧತಿಯೂ ಇದೆ. ಊಹೆಯಿಂದ ಸರಿ ಹೇಳಿದವರನ್ನು ಬೇರ್ಪಡಿಸಲು ಇದು ಬೇಕು.

ಯಾರ ಮೂಗು ಎಂಬ ಪ್ರಶ್ನೆ ಏಳುತ್ತದೆ. ಯುರೋಪಿನ ಮಾನದಂಡದಲ್ಲಿ ಇದಕ್ಕೆ ಉತ್ತರವಿದೆ. ಬ್ಯುಟನಾಲ್ ಎಂಬ, ಸ್ಪಿರಿಟ್ಟನ್ನು ನೆನಪಿಸುವ ವಾಸನೆಯ ರಾಸಾಯನಿಕವನ್ನು ಎಲ್ಲರಿಗೂ ಮೂಸಲು ಕೊಡುತ್ತಾರೆ. ನೂರು ಕೋಟಿ ಪಾಲು ಗಾಳಿಯಲ್ಲಿ ಅದರ 20ರಿಂದ 80 ಪಾಲು ಇರುವಾಗ ಗುರುತಿಸಿದವರು ಮಾತ್ರ ತಂಡಕ್ಕೆ ಸೇರುತ್ತಾರೆ. ತೀರಾ ಮೊಂಡು ಮೂಗಿನವರೂ ಬೇಡ, ತೀರಾ ಚುರುಕಿನವರೂ ಬೇಡ. ಅಂಗಡಿಯ ತಕ್ಕಡಿಗೆ ಸರಕಾರದ ಮುದ್ರೆ ಹಾಕುವ ಹಾಗೆ ಇಲ್ಲಿ ಮೂಗಿಗೇ ಮುದ್ರೆ. ಪರೀಕ್ಷೆಗೆ ಮೊದಲು ಅರ್ಧ ತಾಸು ಏನೂ ತಿನ್ನುವಂತಿಲ್ಲ, ಸೇದುವಂತಿಲ್ಲ, ಅತ್ತರು ಹಚ್ಚಿಕೊಂಡು ಬರುವಂತಿಲ್ಲ.

ಇದು ವಾಸನೆ ಇದೆಯೋ ಇಲ್ಲವೋ ಎನ್ನುವ ಲೆಕ್ಕ. ಎಷ್ಟು ಜೋರಾಗಿದೆ ಎಂದು ತಿಳಿಯಲು ಹಂತ ಹಂತವಾಗಿ ಗಟ್ಟಿಯಾಗುವ ಬ್ಯುಟನಾಲ್ ಬಾಟಲಿಗಳ ಸಾಲನ್ನು ಇಟ್ಟು, "ಕೋಣೆಯ ವಾಸನೆ ಇದರಲ್ಲಿ ಯಾವ ಬಾಟಲಿಗೆ ಸಮ?" ಎಂದು ಕೇಳುತ್ತಾರೆ. ಇಲ್ಲಿ ಒಂದು ಸೂಕ್ಷ್ಮವಿದೆ. ಗಾಳಿಯಲ್ಲಿನ ವಸ್ತುವನ್ನು ಅರ್ಧಕ್ಕೆ ಇಳಿಸಿದರೆ ವಾಸನೆ ಅರ್ಧವಾಗುವುದಿಲ್ಲ. ಮೂಗಿಗೆ ಅರ್ಧ ಅನಿಸಬೇಕಾದರೆ ಮೂರು ಪಟ್ಟು, ಕೆಲವೊಮ್ಮೆ ಅದಕ್ಕಿಂತ ಬಹಳ ಹೆಚ್ಚು ಇಳಿಸಬೇಕು. ಸ್ವಲ್ಪ ಕಿಟಕಿ ತೆರೆದರೂ "ಇನ್ನೂ ನಾರುತ್ತಿದೆ" ಎನ್ನುವುದು ಇದರಿಂದಲೇ.

ಡೆನ್ಮಾರ್ಕಿನ ಪಿ. ಓಲೆ ಫ್ಯಾಂಗರ್ 1988ರಲ್ಲಿ ಇನ್ನೊಂದು ದಾರಿ ತೋರಿಸಿದರು. ಕಚೇರಿಯಲ್ಲಿ ಕೂತ, ಸಾಧಾರಣ ಸ್ನಾನ ಮಾಡಿದ ಒಬ್ಬ ಮನುಷ್ಯನ ಮೈಯಿಂದ ಹೊರಡುವ ವಾಸನೆಯನ್ನು ಒಂದು 'ಓಲ್ಫ್' ಎಂದು ಕರೆದರು. ಆ ಲೆಕ್ಕದಲ್ಲಿ ಸಿಗರೇಟು ಸೇದುತ್ತಿರುವ ಒಬ್ಬ ಮನುಷ್ಯ 25 ಓಲ್ಫ್. ಪುಟ್ಟ ಕೋಣೆಯಲ್ಲಿ ಒಬ್ಬರು ಸೇದಿದರೆ, ವಾಸನೆಯ ಮಟ್ಟಿಗೆ ಅಲ್ಲಿ ಇಪ್ಪತ್ತೈದು ಜನ ಬಂದು ಕೂತ ಹಾಗೆ. ಲೋಕಲ್ ಟ್ರೇನಿನಲ್ಲಿ ಸಂಜೆ ಪ್ರಯಾಣ ಮಾಡುವವರಿಗೆ ಇದರ ಅಂದಾಜು ಬಿಡಿಸಿ ಹೇಳಬೇಕಿಲ್ಲ.

ಘಾಟನ್ನು ಅಳೆಯುವ ಬಗೆ

ಇದು ಹೆಚ್ಚು ಕಷ್ಟ. ಹೊಗೆಯಲ್ಲಿ ವಾಸನೆಯೂ ಘಾಟೂ ಒಟ್ಟಿಗೇ ಇರುವುದರಿಂದ, "ಉರಿಯುತ್ತಿದೆ" ಎಂದವರು ನಿಜಕ್ಕೂ ಉರಿಯನ್ನು ಹೇಳುತ್ತಿದ್ದಾರೋ, ಅಸಹ್ಯವಾದ ವಾಸನೆಯನ್ನೇ ಹಾಗೆ ಕರೆಯುತ್ತಿದ್ದಾರೋ ಎಂದು ತಿಳಿಯುವುದು ಹೇಗೆ?

ಪಿಯರ್ಸ್ ಪ್ರಯೋಗಾಲಯದಲ್ಲಿ ಎನ್ರಿಕೆ ಕೊಮೆಟ್ಟೊ-ಮುನಿಜ್ ಮತ್ತು ಕೇನ್ 1990ರಲ್ಲಿ ಕೈಗೊಂಡ ಉಪಾಯ ನನಗೆ ಬಹಳ ಹಿಡಿಸಿತು. ವಾಸನೆಯೇ ತಿಳಿಯದ ಜನರನ್ನು ಕರೆದು ಅವರಿಗೆ ರಾಸಾಯನಿಕಗಳನ್ನು ಮೂಸಲು ಕೊಟ್ಟರು. ಅವರ ಮೂಗಿಗೆ ಏನಾದರೂ ತಾಗಿದರೆ ಅದು ಘಾಟೇ ಆಗಿರಬೇಕು. ಬಹುಪಾಲು ವಸ್ತುಗಳಲ್ಲಿ ವಾಸನೆ ಗೊತ್ತಾಗುವ ಮಟ್ಟ ಎಷ್ಟೋ ಕೆಳಗೆ, ಘಾಟು ಗೊತ್ತಾಗುವ ಮಟ್ಟ ಎಷ್ಟೋ ಮೇಲೆ ಎಂದು ಇದರಿಂದ ಸ್ಪಷ್ಟವಾಯಿತು.

ವಾಸನೆ ಬರುವವರಿಗೂ ಒಂದು ಪರೀಕ್ಷೆ ಇದೆ. ಒಂದು ಹೊಳ್ಳೆಗೆ ವಸ್ತುವಿನ ಗಾಳಿ, ಇನ್ನೊಂದಕ್ಕೆ ಬರೀ ಗಾಳಿ ಬಿಟ್ಟು, "ಎಡವೋ ಬಲವೋ?" ಎಂದು ಕೇಳುವುದು. ಶುದ್ಧ ವಾಸನೆಯಾದರೆ ಯಾವ ಹೊಳ್ಳೆ ಎಂದು ಹೇಳಲು ಮನುಷ್ಯನಿಗೆ ಆಗುವುದಿಲ್ಲ. ಘಾಟಾದರೆ ತಕ್ಷಣ ಹೇಳುತ್ತಾರೆ. ಮೈಮೇಲೆ ಸೊಳ್ಳೆ ಎಲ್ಲಿ ಕಚ್ಚಿತು ಎಂದು ಕಣ್ಣು ಮುಚ್ಚಿಯೂ ಹೇಳುತ್ತೇವಲ್ಲ, ಘಾಟಿನ ನರವೂ ಅದೇ ಬಗೆಯದು.

ಇನ್ನು ಬಾಯಿಮಾತನ್ನು ನಂಬದೆ ದೇಹವನ್ನೇ ನೋಡುವ ದಾರಿ. ನಾವು ಸಾಮಾನ್ಯವಾಗಿ ನಿಮಿಷಕ್ಕೆ ಹದಿನೈದಿಪ್ಪತ್ತು ಸಲ ರೆಪ್ಪೆ ಮಿಟುಕಿಸುತ್ತೇವೆ. ಜ್ಯೂರಿಕ್‌ನಲ್ಲಿ ಆನೆಟಾ ವೆಬರ್ ಮತ್ತು ಎಟಿಯೆನ್ ಗ್ರಾಂಜಾನ್ 1970, 80ರ ದಶಕಗಳಲ್ಲಿ ಹೊಗೆಯ ಕೋಣೆಯಲ್ಲಿ ಕೂತವರ ರೆಪ್ಪೆ ಎಣಿಸಿದರು. ಹೊಗೆ ಹೆಚ್ಚಾದಷ್ಟೂ ಮಿಟುಕುವುದು ಹೆಚ್ಚಿತು. ಕೂತವರಿಗೆ ತಾವು ಮಿಟುಕಿಸುತ್ತಿರುವುದೇ ಗೊತ್ತಿರುವುದಿಲ್ಲವಾದ್ದರಿಂದ ಇದರಲ್ಲಿ ಉತ್ಪ್ರೇಕ್ಷೆಗೆ ಎಡೆ ಕಡಿಮೆ. ಕಣ್ಣಿನ ಮೇಲಿನ ನೀರಿನ ಪೊರೆ ಎಷ್ಟು ಸೆಕೆಂಡಿಗೆ ಒಡೆಯುತ್ತದೆ, ಮೂಗು ಎಷ್ಟು ಕಟ್ಟುತ್ತದೆ ಎಂಬುದನ್ನೂ ಅಳೆಯಬಹುದು. ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ರೆಬೆಕ್ಕಾ ಬ್ಯಾಸ್ಕಮ್ ತಂಡ 1991ರಲ್ಲಿ ಎರಡು ಗುಂಪು ಮಾಡಿ ನೋಡಿತು. ಸಿಗರೇಟು ಹೊಗೆ ನಮಗೆ ಆಗುವುದಿಲ್ಲ ಎನ್ನುವವರದು ಒಂದು, ನಮಗೇನೂ ಆಗುವುದಿಲ್ಲ ಎನ್ನುವವರದು ಇನ್ನೊಂದು. ಹದಿನೈದು ನಿಮಿಷದ ಹೊಗೆಗೆ ಮೊದಲ ಗುಂಪಿನವರ ಮೂಗು ಅಳತೆಗೆ ಸಿಗುವಷ್ಟು ಕಟ್ಟಿತು. ಅವರದು ಬರೀ ಗೊಣಗಾಟವಲ್ಲ ಎಂದು ಮೂಗೇ ಸಾಕ್ಷಿ ಹೇಳಿತು.

ಇಂಥ ಪ್ರಯೋಗಗಳಲ್ಲಿ ಹೊಗೆ ಪ್ರತಿ ಸಲವೂ ಒಂದೇ ತರಹ ಇರಬೇಕಾದ್ದರಿಂದ ಅನೇಕ ಕಡೆ ಸೇದುವ ಯಂತ್ರವನ್ನೇ ಬಳಸುತ್ತಾರೆ. ಅಂತರರಾಷ್ಟ್ರೀಯ ಪದ್ಧತಿಯ ಪ್ರಕಾರ ಅದರ ಒಂದು ದಮ್ಮು 35 ಮಿಲಿಲೀಟರ್, ಎರಡು ಸೆಕೆಂಡು, ನಿಮಿಷಕ್ಕೊಂದು.

ಎಷ್ಟು ಹೊಗೆ ಸಾಕು?

ಜ್ಯೂರಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಮಾರ್ಟಿನ್ ಯುಂಕರ್ ಮತ್ತು ಜೊತೆಗಾರರು ಧೂಮಪಾನ ಮಾಡದವರ ಮೇಲೆ ನಡೆಸಿದ ಅಧ್ಯಯನ 2001ರಲ್ಲಿ ಹೊರಬಂತು. ಹೊಗೆಯಲ್ಲಿರುವ ಸೂಕ್ಷ್ಮ ಕಣಗಳ ಲೆಕ್ಕದಲ್ಲಿ ಹೇಳುವುದಾದರೆ, ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು ಒಂದು ಮೈಕ್ರೋಗ್ರಾಂ ಇರುವಾಗಲೇ ವಾಸನೆ ಗೊತ್ತಾಯಿತು. ಕಣ್ಣು, ಮೂಗು, ಗಂಟಲಿನ ಕಿರಿಕಿರಿ 4.4 ಮೈಕ್ರೋಗ್ರಾಂನಲ್ಲಿ ಕಾಣಿಸಿತು. ಒಂದು ಮೈಕ್ರೋಗ್ರಾಂ ಎಂದರೆ ಗ್ರಾಮಿನ ಹತ್ತು ಲಕ್ಷದ ಒಂದು ಪಾಲು.

ಇದನ್ನು ನಮ್ಮ ಕೋಣೆಗೆ ಇಳಿಸಿ ನೋಡೋಣ. ಹತ್ತು ಅಡಿ ಉದ್ದ, ಹತ್ತು ಅಗಲ, ಹತ್ತು ಎತ್ತರದ ಕೋಣೆ ಸುಮಾರು 28 ಘನ ಮೀಟರ್. ಒಂದು ಸಿಗರೇಟಿನಿಂದ ಗಾಳಿಗೆ ಸೇರುವ ಸೂಕ್ಷ್ಮ ಕಣ ಹೆಚ್ಚುಕಡಿಮೆ ಹತ್ತು ಮಿಲಿಗ್ರಾಂ, ಅಂದರೆ ಹತ್ತು ಸಾವಿರ ಮೈಕ್ರೋಗ್ರಾಂ. ಮುಚ್ಚಿದ ಆ ಕೋಣೆಯಲ್ಲಿ ಘನ ಮೀಟರಿಗೆ ಸುಮಾರು 350 ಮೈಕ್ರೋಗ್ರಾಂ ಆಯಿತು. ಅದನ್ನು ಕಿರಿಕಿರಿಯ ಮಟ್ಟವಾದ 4.4ಕ್ಕೆ ಇಳಿಸಬೇಕಾದರೆ ಅಂಥ ಎಂಬತ್ತು ಕೋಣೆಗಳಷ್ಟು ಗಾಳಿ ಬೇಕು. ವಾಸನೆಯೂ ಬರಬಾರದೆಂದರೆ ಮುನ್ನೂರೈವತ್ತು ಕೋಣೆಗಳಷ್ಟು. ಒಂದೇ ಸಿಗರೇಟಿಗೆ! ಎರಡನೇ ಮಹಡಿಯ ಹೊಗೆ ಡಕ್ಟಿನಲ್ಲಿ ತೆಳ್ಳಗಾಗಿ ಮೂರನೇ ಮಹಡಿಗೆ ಬಂದರೂ ಯಾಕೆ ಉರಿಯುತ್ತದೆ ಎಂದು ಕೇಳುವವರಿಗೆ ಈ ಲೆಕ್ಕ ತೋರಿಸಬಹುದು.

ಗಾಳಿ ಅಳೆಯುವ ಮೀಟರ್ ಸಾಲದೇ?

ಗಾಳಿಯ ಸೂಕ್ಷ್ಮ ಕಣಗಳನ್ನು ಅಳೆಯುವ, ಮನೆಯಲ್ಲಿಡುವ ಪಿಎಂ 2.5 ಮೀಟರ್ ಈಗ ಎಲ್ಲ ಕಡೆ ಸಿಗುತ್ತದೆ. ತೊಂದರೆ ಏನೆಂದರೆ ಅದಕ್ಕೆ ಕಣ ಗೊತ್ತು, ಕಣದ ಮೂಲ ಗೊತ್ತಿಲ್ಲ. ಭಾರತದಲ್ಲಿ ಪಿಎಂ 2.5ಕ್ಕೆ ದಿನದ ಸರಾಸರಿ ಮಿತಿ ಘನ ಮೀಟರಿಗೆ 60 ಮೈಕ್ರೋಗ್ರಾಂ. ಮುಂಬೈಯ ಚಳಿಗಾಲದ ಗಾಳಿ ಎಷ್ಟೋ ದಿನ ಆ ಗಡಿ ದಾಟುತ್ತದೆ. ಅಂಥ ಗಾಳಿಯಲ್ಲಿ ನಾಲ್ಕೈದು ಮೈಕ್ರೋಗ್ರಾಂ ಸಿಗರೇಟು ಹೊಗೆ ಸೇರಿದರೆ ಮೀಟರಿನ ಅಂಕಿಯಲ್ಲಿ ಅದು ಕಾಣುವುದೇ ಇಲ್ಲ, ಕಣ್ಣಿಗೆ ಮಾತ್ರ ಗೊತ್ತಾಗುತ್ತದೆ. ಒಗ್ಗರಣೆ, ಊದುಬತ್ತಿ, ಧೂಪ ಎಲ್ಲಕ್ಕೂ ಮೀಟರ್ ಏರುತ್ತದೆ. ಸೊಳ್ಳೆ ಕಾಯಿಲ್ ಅಂತೂ ಕೇಳಲೇಬೇಡಿ. ಒಂದು ಕಾಯಿಲ್ ಪೂರ್ತಿ ಉರಿದರೆ ಬರುವ ಸೂಕ್ಷ್ಮ ಕಣ 75ರಿಂದ 137 ಸಿಗರೇಟಿಗೆ ಸಮ ಎಂದು 2003ರ ಒಂದು ಅಧ್ಯಯನ ಲೆಕ್ಕ ಹಾಕಿದೆ. ಹೊಗೆಯ ದೂರು ಕೊಡುವ ಮೊದಲು ನಮ್ಮ ಮನೆಯ ಕಾಯಿಲ್ ಆರಿಸಿ ನೋಡುವುದು ನ್ಯಾಯ.

ತಂಬಾಕಿನ ಹೊಗೆಯೇ ಎಂದು ಖಚಿತವಾಗಿ ಹೇಳುವುದು ನಿಕೋಟಿನ್. ಊದುಬತ್ತಿಯಲ್ಲೂ ಒಗ್ಗರಣೆಯಲ್ಲೂ ಅದು ಇರುವುದಿಲ್ಲ. ಎರಡು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದಾದ ಪುಟ್ಟ ಡಬ್ಬಿಯೊಳಗೆ ಸೋಡಿಯಂ ಬೈಸಲ್ಫೇಟ್ ಸವರಿದ ಫಿಲ್ಟರ್ ಇಟ್ಟು ಗೋಡೆಗೆ ತೂಗುಹಾಕಿದರೆ ಗಾಳಿಯ ನಿಕೋಟಿನ್ ಅದಕ್ಕೆ ಅಂಟುತ್ತದೆ. ಒಂದು ವಾರದ ನಂತರ ಪ್ರಯೋಗಾಲಯದಲ್ಲಿ ಅಳೆಯುತ್ತಾರೆ. ಕ್ಯಾಥರಿನ್ ಹ್ಯಾಮಂಡ್ ಮತ್ತು ಬ್ರಯಾನ್ ಲೀಡರರ್ 1987ರಲ್ಲಿ ಪ್ರಕಟಿಸಿದ ವಿಧಾನ ಇದು, ವಿದ್ಯುತ್ತೂ ಬೇಡ, ಸದ್ದೂ ಇಲ್ಲ. ದೇಹದೊಳಗೆ ಹೋದ ನಿಕೋಟಿನ್ ಕೋಟಿನಿನ್ ಆಗಿ ಬದಲಾಗುತ್ತದೆ. ಅದನ್ನು ಜೊಲ್ಲಿನಲ್ಲಿ ಅಥವಾ ಮೂತ್ರದಲ್ಲಿ ಎರಡು ಮೂರು ದಿನಗಳ ತನಕ ಗುರುತಿಸಬಹುದು.

ಯಂತ್ರ ಮತ್ತು ಮನುಷ್ಯ ಎರಡೂ ಬೇಕಾಗುವುದು ಇದಕ್ಕೇ. ಗಾಳಿಯಲ್ಲಿ ಏನಿದೆ ಎಂದು ಡಬ್ಬಿ ಹೇಳುತ್ತದೆ. ಅದು ಕಣ್ಣಿಗೆ ಏನು ಮಾಡುತ್ತಿದೆ ಎಂದು ಕಣ್ಣಿರುವವರೇ ಹೇಳಬೇಕು.

ನಂಬಿಕೆಯ ಪಾಲು

ಒಂದು ಎಚ್ಚರಿಕೆಯನ್ನು ಮುಚ್ಚಿಡಬಾರದು. ವಾಸನೆ ಮತ್ತು ರುಚಿಯ ಸಂಶೋಧನೆ ನಡೆಯುವ ಅಮೆರಿಕದ ಫಿಲಡೆಲ್ಫಿಯಾದ ಮೊನೆಲ್ ಕೇಂದ್ರದಲ್ಲಿ ಪಮೇಲಾ ಡಾಲ್ಟನ್ 1990ರ ದಶಕದಲ್ಲಿ ಒಂದೇ ವಾಸನೆಯನ್ನು ಬೇರೆ ಬೇರೆ ಗುಂಪಿಗೆ ಕೊಟ್ಟರು. ಒಂದು ಗುಂಪಿಗೆ ಅದು ಪ್ರಕೃತಿಯ ಸಾರ ಎಂದರು, ಇನ್ನೊಂದಕ್ಕೆ ಹಾನಿ ಮಾಡುವ ಕೈಗಾರಿಕೆಯ ರಾಸಾಯನಿಕ ಎಂದರು. ಮೊದಲನೆಯವರು ಹೊತ್ತು ಹೋದಂತೆ ಒಗ್ಗಿಕೊಂಡರು. ಎರಡನೆಯವರಿಗೆ ವಾಸನೆ ಇಳಿಯಲೇ ಇಲ್ಲ. ಯಾರೂ ಸುಳ್ಳು ಹೇಳಿರಲಿಲ್ಲ, ಭಯ ಮೂಗನ್ನು ಎಚ್ಚರದಲ್ಲಿ ಇಟ್ಟಿತ್ತು. ಹಾಗಾಗಿ ಒಳ್ಳೆಯ ಪ್ರಯೋಗದಲ್ಲಿ ಹೊಗೆ ಇಲ್ಲದ ದಿನವೂ ಅದೇ ಪ್ರಶ್ನೆ ಕೇಳುತ್ತಾರೆ, ಯಾವ ದಿನ ಯಾವುದು ಎಂದು ಕೂತವರಿಗೆ ತಿಳಿಸುವುದಿಲ್ಲ.

ಇದರ ಇನ್ನೊಂದು ಮಗ್ಗುಲು ಹೆಚ್ಚು ಗಂಭೀರ. ವಾಸನೆ ಇಲ್ಲ, ಉರಿಯೂ ಇಲ್ಲ ಎಂದರೆ ಹಾನಿ ಇಲ್ಲ ಎಂದಲ್ಲ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ, ಘಾಟೂ ಇಲ್ಲ. ರೂಮ್ ಫ್ರೆಶ್‌ನರ್ ಹೊಡೆದರೆ ಒಂದು ವಾಸನೆಯ ಮೇಲೆ ಇನ್ನೊಂದು ವಾಸನೆ ಕೂರುತ್ತದೆ, ಹೊಗೆ ಅಲ್ಲೇ ಇರುತ್ತದೆ. ಏರ್ ಪ್ಯೂರಿಫೈಯರಿನ ಹೆಪಾ ಫಿಲ್ಟರ್ ಕಣ ಹಿಡಿಯುತ್ತದೆ, ಆಕ್ರೊಲೀನ್‌ನಂಥ ಅನಿಲವನ್ನು ಹಿಡಿಯುವುದಿಲ್ಲ. ಅದಕ್ಕೆ ಇದ್ದಿಲಿನ ಫಿಲ್ಟರ್ ಬೇರೆಯೇ ಬೇಕು. ಪರರ ಹೊಗೆಗೆ ಅಪಾಯವಿಲ್ಲದ ಮಟ್ಟ ಎಂಬುದೇ ಇಲ್ಲ ಎಂದು ಅಮೆರಿಕ ಸರಕಾರದ ಹಿರಿಯ ಆರೋಗ್ಯಾಧಿಕಾರಿಯಾದ ಸರ್ಜನ್ ಜನರಲ್ ಅವರ 2006ರ ವರದಿ ಹೇಳಿತು. ಅಳತೆಯ ವಿಜ್ಞಾನ ಕಿರಿಕಿರಿಯನ್ನು ಹೇಳುತ್ತದೆ, ಅಪಾಯದ ಲೆಕ್ಕ ಅದರಿಂದ ಬೇರೆ. ತೊಟ್ಟಿಲಲ್ಲಿರುವ ಮಗುವಿಗೆ ಎರಡನ್ನೂ ಹೇಳಲು ಬರುವುದಿಲ್ಲ.

ಮುಂಬೈಯ ಡಕ್ಟ್, ಮುಂಬೈಯ ಕಾನೂನು

ನಮ್ಮ ಕಟ್ಟಡಗಳಲ್ಲಿ ಬಾತ್‌ರೂಮಿನ ಕಿಟಕಿಗಳೆಲ್ಲ ತೆರೆದುಕೊಳ್ಳುವ ಉದ್ದನೆಯ ಬಾವಿಯಂಥ ಜಾಗವನ್ನೇ ಡಕ್ಟ್ ಎನ್ನುತ್ತೇವೆ. ಮನೆಯೊಳಗಿನ ಬೆಚ್ಚಗಿನ ಗಾಳಿ ಹಗುರ, ಅದು ಡಕ್ಟಿಗೆ ಹೋದರೆ ಮೇಲಕ್ಕೇರುತ್ತದೆ. ಚಳಿಯ ರಾತ್ರಿ ಇನ್ನೂ ಚೆನ್ನಾಗಿ ಏರುತ್ತದೆ. ಕೆಳಗಿನವರು ಎಕ್ಸಾಸ್ಟ್ ಫ್ಯಾನ್ ಹಾಕಿಕೊಂಡು ಬಾತ್‌ರೂಮಿನಲ್ಲಿ ಸೇದಿದರೆ ಹೊಗೆ ನೇರ ಡಕ್ಟಿಗೆ. ಮೇಲಿನವರು ಅದೇ ಹೊತ್ತಿಗೆ ಅಡುಗೆಮನೆಯ ಚಿಮಣಿ ಹಾಕಿದರೆ ಅದು ಮನೆಯ ಗಾಳಿಯನ್ನು ಹೊರಗೆಳೆಯುತ್ತದೆ. ಆ ಖಾಲಿ ತುಂಬಲು ಬಾತ್‌ರೂಮಿನ ಕಿಟಕಿಯಿಂದ ಡಕ್ಟಿನ ಗಾಳಿ ಒಳಗೆ ಬರುತ್ತದೆ. ಬಾತ್‌ರೂಮಿನ ಬಾಗಿಲ ಸಂದಿಯಲ್ಲಿ ಊದುಬತ್ತಿ ಹಿಡಿದು ನೋಡಿದರೆ ಹೊಗೆಯ ಎಳೆ ಯಾವ ಕಡೆಗೆ ಬಾಗುತ್ತದೆ ಎಂದು ತಿಳಿಯುತ್ತದೆ. ಅಕ್ಕನ ಮನೆಯಲ್ಲಿ ನಾವು ಹೀಗೇ ನೋಡಿದೆವು. ಚಿಮಣಿ ಹಾಕಿದಾಗ ಎಳೆ ಒಳಗೆ ಬಾಗಿತು, ಆರಿಸಿದಾಗ ನೆಟ್ಟಗಾಯಿತು.

ಕಾನೂನಿನ ವಿಷಯ ಚಿಕ್ಕದಾಗಿ. ಸಾರ್ವಜನಿಕ ಸ್ಥಳದಲ್ಲಿ ಧೂಮಪಾನ ನಿಷೇಧಕ್ಕೆ ದೇಶದಲ್ಲಿ ದಾರಿ ಮಾಡಿದ ಅರ್ಜಿ ಮುಂಬೈಯ ಮೇಯರ್ ಆಗಿದ್ದ ಮುರಳಿ ದೇವರಾ ಅವರದು. ಅದರ ಮೇಲೆ ಸುಪ್ರೀಂ ಕೋರ್ಟ್ 2001ರ ನವೆಂಬರಿನಲ್ಲಿ ಆದೇಶ ಕೊಟ್ಟಿತು. 2003ರಲ್ಲಿ ತಂಬಾಕು ನಿಯಂತ್ರಣ ಕಾಯ್ದೆ ಬಂತು, 2008ರ ಅಕ್ಟೋಬರ್ 2ರಿಂದ ಬಿಗಿಯಾದ ನಿಯಮಗಳು ಜಾರಿಯಾದವು. ಕಚೇರಿ, ಹೋಟೆಲು, ರೈಲು ನಿಲ್ದಾಣಗಳಿಗೆ ಅದು ತಾಗುತ್ತದೆ. ತನ್ನ ಮನೆಯ ನಾಲ್ಕು ಗೋಡೆಯೊಳಗೆ ಸೇದುವವನನ್ನು ಅದು ತಡೆಯುವುದಿಲ್ಲ. ಆದ್ದರಿಂದ ಫ್ಲ್ಯಾಟುಗಳ ನಡುವಿನ ಹೊಗೆ ಮಾತುಕತೆಯಲ್ಲೇ ಬಗೆಹರಿಯಬೇಕು, ಮಾತುಕತೆಗೆ ಒಂದು ಅಳತೆ ಬೇಕು.

ನಾವು ಮಾಡಿದ ಕಾಗದ

ಮೀಟಿಂಗಿನ ನಂತರ ಒಂದು ಹಾಳೆಯಲ್ಲಿ ನಾಲ್ಕು ಕಾಲಂ ಎಳೆದೆವು. ಗಂಟೆ, ವಾಸನೆ, ಕಣ್ಣುರಿ, ಚಿಮಣಿ ಮತ್ತು ಕಿಟಕಿಯ ಸ್ಥಿತಿ. ವಾಸನೆಗೂ ಉರಿಗೂ ಸೊನ್ನೆಯಿಂದ ಐದರ ತನಕ ಅಂಕ. ಎ ವಿಂಗಿನ ಒಬ್ಬರು ಕಾಲು ತಾಸು ಟೆರೇಸಿನಲ್ಲಿ ನಿಂತು ಮೂಗಿಗೆ ಬಿಡುವು ಕೊಟ್ಟು ಆಮೇಲೆ ಅಕ್ಕನ ಮನೆಗೆ ಬರುವುದು, ಒಂದು ತಾಸು ಕೂರುವುದು, ಹತ್ತು ನಿಮಿಷಕ್ಕೊಮ್ಮೆ ಇಬ್ಬರೂ ಒಬ್ಬರದು ಒಬ್ಬರು ನೋಡದೆ ಬರೆಯುವುದು. ಎರಡನೇ ಮಹಡಿಯವರಿಗೆ ಹೇಳಿ ಅವರ ಒಪ್ಪಿಗೆಯಿಂದಲೇ ಮಾಡಿದೆವು. ಅವರು ಒಂದು ರಾತ್ರಿ ಸೇದದೆ ಇರಲು ಒಪ್ಪಿದರು, ಯಾವ ರಾತ್ರಿ ಎಂದು ಮೇಲಿನವರಿಗೆ ಹೇಳಲಿಲ್ಲ.

ಸೇದಿದ ರಾತ್ರಿ ಹತ್ತೂ ಹತ್ತಕ್ಕೆ ಹೊಸದಾಗಿ ಬಂದವರು ವಾಸನೆ ಮೂರು, ಉರಿ ಸೊನ್ನೆ ಎಂದು ಬರೆದಿದ್ದಾರೆ. ಅದೇ ಹೊತ್ತಿಗೆ ಅಕ್ಕ ಬರೆದದ್ದು ವಾಸನೆ ಸೊನ್ನೆ, ಉರಿ ಮೂರು. ಹತ್ತೂ ಐವತ್ತರ ಹೊತ್ತಿಗೆ ಆ ಹೊಸಬರ ಹಾಳೆಯಲ್ಲೂ ವಾಸನೆ ಒಂದಕ್ಕಿಳಿದು ಉರಿ ಎರಡಾಗಿದೆ. ಸೇದದ ರಾತ್ರಿಯ ಹಾಳೆಯಲ್ಲಿ ಅಕ್ಕ ಒಂದೇ ಒಂದು ಕಡೆ ಉರಿ ಒಂದು ಎಂದು ಬರೆದಿದ್ದಾರೆ, ಅದರ ಪಕ್ಕದಲ್ಲೇ ಅವರದೇ ಅಕ್ಷರದಲ್ಲಿ "ದೇವರ ಮುಂದೆ ಧೂಪ ಹಾಕಿದ್ದೆ" ಎಂದಿದೆ. ಇಬ್ಬರು ಮನುಷ್ಯರ ಎರಡು ರಾತ್ರಿಯ ಹಾಳೆಯಿಂದ ವಿಜ್ಞಾನ ಆಗುವುದಿಲ್ಲ. ಎರಡನೇ ಮಹಡಿಯ ಹುಡುಗ ಅದನ್ನು ಎರಡು ಸಲ ಓದಿದ. "ನಮ್ಮ ಮಗುವಿಗೆ ತಾಗಬಾರದೆಂದು ನಾನು ಬಾತ್‌ರೂಮಿಗೆ ಹೋಗುತ್ತಿದ್ದೆ ಅಕ್ಕ" ಎಂದ. ಅಕ್ಕ ಹಾಳೆ ಮಡಚಿಕೊಂಡು, "ಗೊತ್ತಾಯಿತು ಮಗ, ನನ್ನ ಮನೆಯಲ್ಲೂ ಒಂದು ಇದೆಯಲ್ಲ" ಎಂದರು.